ಚೆನ್ನೈನ ಸೋಲನ್ನೂ ಹೇಳೋಣ

ಕಲಘಟಗಿ ತಾಲ್ಲೂಕಿನ ದುಮ್ಮವಾಡದಲ್ಲಿ ಕಳೆದ ಬೇಸಿಗೆಯ ಒಂದು ಸಂಜೆ ಹುಡುಗರು ಗುಡಿಯ ಮುಂದೆ ಜಮಖಾನ ಹಾಸಿ, ಭಾರತ–ಪಾಕಿಸ್ತಾನ ಕ್ರಿಕೆಟ್ಟಿನ ಕಥೆ ಹೇಳುವ ಕಾರ್ಯಕ್ರಮ ಏರ್ಪಡಿಸಿದ್ದರು. ಪಂದ್ಯ ಕಂಡ ಹಿರಿಯರು ಹೇಳಬೇಕು, ಕಾಣದ ಕಿರಿಯರು ಕೇಳಬೇಕು. ಸರ್ಕಾರಿ ಸೇವೆಯಿಂದ ನಿವೃತ್ತನಾದ ನನಗೂ ಕರೆ ಬಂದಿತ್ತು.

1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್‌ಫೈನಲ್ ಮೂವರ ಬಾಯಲ್ಲಿ ಮೂರು ಸಲ ಬಂತು. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮರುಚೆಂಡಿನಲ್ಲೇ ನಮ್ಮ ವೆಂಕಟೇಶ ಪ್ರಸಾದ್ ಅವರನ್ನು ಬೌಲ್ಡ್ ಮಾಡಿದ್ದು ಯಾರಿಗೆ ತಾನೆ ಬೇಸರ? ಆದರೆ ಅದಕ್ಕೂ ಮುನ್ನ ಸೊಹೈಲ್ ಮತ್ತು ಸಯೀದ್ ಅನ್ವರ್ ಮೊದಲ ವಿಕೆಟ್ಟಿಗೆ 84 ರನ್ ಸೇರಿಸಿದ್ದರು. ಆ ಚೆಂಡಿಗೆ ಬೆಲೆ ಬಂದುದೇ ಅದರಿಂದ. ಅದನ್ನು ಮಾತ್ರ ಯಾರೂ ಹೇಳಲಿಲ್ಲ. 1999ರ ಫೆಬ್ರುವರಿ 7ರಂದು ಅನಿಲ್ ಕುಂಬ್ಳೆ ದೆಹಲಿಯಲ್ಲಿ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತ ಕಥೆ ಬಂತು. ಅದಕ್ಕೆ ಒಂದು ವಾರ ಮೊದಲಿನ ಚೆನ್ನೈ ಬರಲಿಲ್ಲ.

'ಅವರು ಗೆದ್ದss ಇಲ್ಲೇನ್ರೀ?' ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. ಉಭಯ ತಂಡಗಳು ಆಡಿರುವ 59 ಟೆಸ್ಟ್‌ಗಳಲ್ಲಿ ಪಾಕಿಸ್ತಾನ ಗೆದ್ದದ್ದು 12, ನಾವು ಗೆದ್ದದ್ದು 9 ಎಂದೆ. ಆತ ನಂಬಲಿಲ್ಲ.

ನಂಬದಿರುವುದು ಅವನ ತಪ್ಪಲ್ಲ. ಕೊನೆಯ ಟೆಸ್ಟ್ ನಡೆದದ್ದು 2007ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲೇ, ಕುಂಬ್ಳೆಯವರ ನಾಯಕತ್ವದಲ್ಲಿ. ಅಂದು ಆತ ಹುಟ್ಟಿಯೇ ಇರಲಿಲ್ಲ. 2025ರ ಏಷ್ಯಾ ಕಪ್‌ನಲ್ಲಂತೂ ಆಟಗಾರರು ಪರಸ್ಪರ ಕೈಕುಲುಕಲೂ ಇಲ್ಲ. ಸರಣಿ ಆಡುವುದು, ಬಿಡುವುದು ಸರ್ಕಾರಗಳಿಗೆ ಬಿಟ್ಟ ವಿಷಯ. ಅದಕ್ಕೆ ಕಾರಣಗಳೂ ಇವೆ. ಆದರೆ ಸರಕು ವಿರಳವಾದಾಗ ಕಲಬೆರಕೆ ಹೆಚ್ಚುತ್ತದೆಂಬುದು ಅರ್ಥಶಾಸ್ತ್ರ ಓದಿದವನ ಅನುಭವ. ಆಟ ನಿಂತ ಮೇಲೆ ಮಕ್ಕಳಿಗೆ ಉಳಿದಿರುವುದು ನಾವು ಹೇಳುವ ಕಥೆ ಮಾತ್ರ. ಅದರಲ್ಲೂ ಎದುರಾಳಿಯನ್ನು ಅಳಿಸಿಬಿಟ್ಟರೆ ಅವರಿಗೆ ದಕ್ಕುವುದು ದ್ವೇಷವಷ್ಟೇ.

ಚೆನ್ನೈನ ಕಥೆ ನಮ್ಮ ಸೀಮೆಗೂ ಸೇರಿದ್ದು. 1999ರ ಜನವರಿ 31ರಂದು ಗೆಲ್ಲಲು 271 ರನ್ ಬೇಕಿತ್ತು. ಬೆನ್ನುನೋವಿನಲ್ಲೇ 136 ರನ್ ಗಳಿಸಿದ ಸಚಿನ್ ತೆಂಡೂಲ್ಕರ್ ಔಟಾದಾಗ ಉಳಿದದ್ದು 17. ಇನ್ನೊಂದು ತುದಿಯಲ್ಲಿ ನಿಂತಿದ್ದವರು ಗದಗಿನ ಸುನಿಲ್ ಜೋಶಿ. ಬಾಲ್ಯದಲ್ಲಿ ನಸುಕಿನಲ್ಲೇ ಹುಬ್ಬಳ್ಳಿಗೆ ಬಂದು ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದವರು. ಅವರೂ ಎಂಟು ರನ್ನಿಗೆ ಔಟಾದರು. ಭಾರತ 12 ರನ್ನಿನಿಂದ ಸೋತಿತು. ಅಷ್ಟೂ ಜನ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು.

ಬರುವ ಗಣೇಶ ಚೌತಿಗೆ ಇನ್ನೊಂದು ಸಂಜೆ ನಡೆಸುವುದಾಗಿ ಹುಡುಗರು ಹೇಳಿದ್ದಾರೆ. ಚೆನ್ನೈನ ಕಥೆಯ ಸರದಿಯನ್ನು ನಾನೇ ಕೇಳಿ ಪಡೆದಿದ್ದೇನೆ.