ಮೋಡೆಮ್ ಅವರದು, ರೌಟರ್ ನಮ್ಮದಾಗಲಿ

ಡೊಂಬಿವಲಿ, ಕಲ್ಯಾಣದ ಕಡೆ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದು. ಅದು ಮುಗಿದರೆ ಠಾಣೆಗೋ ನವಿ ಮುಂಬೈಯ ಐರೋಲಿಗೋ ಸಾಮಾನು ಸಾಗಿಸುವ ನಮ್ಮಂಥವರು ಹೊಸ ಮನೆಗೆ ಹೋದೊಡನೆ ಬೀಗ ಬದಲಿಸುತ್ತೇವೆ. ಹಳೆಯ ಕೀಲಿ ಯಾರ್‍ಯಾರ ಬಳಿ ಇದೆಯೋ ಎಂಬ ಅಂಜಿಕೆ. ಆದರೆ ಇಂಟರ್‌ನೆಟ್ ಕಂಪನಿಯ ಹುಡುಗ ಗೋಡೆಗೆ ತೂಗುಹಾಕಿ ಹೋದ ಡಬ್ಬಿಯ ಕೀಲಿ ಯಾರ ಬಳಿ ಇದೆ ಎಂದು ಕೇಳುವವರು ಕಡಿಮೆ.

ನಾವು ಮೋಡೆಮ್ ಎನ್ನುವ ಆ ಡಬ್ಬಿ ಎರಡು ಕೆಲಸ ಮಾಡುತ್ತದೆ. ಫೈಬರ್‌ನಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವುದು ಒಂದು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ರೌಟರ್ ಕೆಲಸ ಇನ್ನೊಂದು. ಮೊದಲನೆಯದು ಕಂಪನಿಯದೇ ಇರಲಿ. ಎರಡನೆಯದು ಮನೆಯವರ ಕೈಯಲ್ಲಿರಬೇಕು ಎಂಬುದು ನನ್ನ ವಾದ. ಟಿಆರ್-069 ಎಂಬ ವ್ಯವಸ್ಥೆಯಿಂದ ಕಂಪನಿ ದೂರದಲ್ಲಿ ಕುಳಿತೇ ಆ ಡಬ್ಬಿಯ ಸೆಟ್ಟಿಂಗ್ ಬದಲಿಸಬಲ್ಲದು. ದುರಸ್ತಿಗೆ ಅದು ಅನುಕೂಲ, ಒಪ್ಪೋಣ. ಹಾಗೆಂದು ನಮ್ಮ ಕಚೇರಿ ಲ್ಯಾಪ್‌ಟಾಪ್, ಮಕ್ಕಳ ಟ್ಯಾಬ್ ಇರುವ ಒಳಮನೆಗೂ ಅದೇ ಕೀಲಿ ಏಕೆ?

ಸ್ವಂತ ರೌಟರ್ ತಂದು, ಮೋಡೆಮ್‌ನಿಂದ ಅದರ ವ್ಯಾನ್ ಪೋರ್ಟಿಗೆ ಕೇಬಲ್ ಕೊಟ್ಟರೆ ಸಾಮಾನ್ಯವಾಗಿ ಇಂಟರ್‌ನೆಟ್ ಬರುತ್ತದೆ. ಎರಡೂ 192.168.1.1 ಎಂಬ ಒಂದೇ ವಿಳಾಸ ಇಟ್ಟುಕೊಂಡಿದ್ದರೆ ಮಾತ್ರ ತಕರಾರು. ನಮ್ಮದನ್ನು 192.168.50.1 ಎಂದು ಬದಲಿಸಿ, ಮೋಡೆಮ್‌ನ ವೈಫೈ ಬಂದ್ ಮಾಡಿ. ಈ ಜೋಡಣೆಗೆ ಡಬಲ್ ನ್ಯಾಟ್ ಎನ್ನುತ್ತಾರೆ. ಮೀಟಿಂಗ್, ಸಿನಿಮಾಗಳಿಗೆ ತೊಂದರೆಯಿಲ್ಲ. ಹೊರಗಿನಿಂದ ಮನೆಯ ಕಂಪ್ಯೂಟರ್ ತಲುಪಬೇಕಾದರೆ, ಕೆಲವು ಆನ್‌ಲೈನ್ ಆಟ ಆಡಬೇಕಾದರೆ ಅಡ್ಡಿಯಾಗುತ್ತದೆ.

ಅದಕ್ಕೆ ಮದ್ದು ಬ್ರಿಡ್ಜ್ ಮೋಡ್. ಆಗ ಮೋಡೆಮ್ ಬರೀ ಸೇತುವೆ. ಲಾಗಿನ್ ಹೆಸರು, ಪಾಸ್‌ವರ್ಡ್ ನಮ್ಮ ರೌಟರ್‌ನಲ್ಲಿರುತ್ತವೆ. ಲ್ಯಾಂಡ್‌ಲೈನ್ ಅಥವಾ ಟಿವಿ ಅದೇ ಡಬ್ಬಿಯಿಂದ ಬರುತ್ತಿದ್ದರೆ ಮೊದಲೇ ವಿಚಾರಿಸಿ. ನಾನು ಇದನ್ನು ಕೇಳಿದಾಗ ಸಹಾಯವಾಣಿಯವರು ಎರಡು ಸಲ ದೂರು ಮುಚ್ಚಿದರು. ಕೊನೆಗೆ ‘ಹೋವೂನ್ ಜಾಯಿಲ್ ಸಾಹೇಬ್’ ಎಂದು ಹತ್ತೇ ನಿಮಿಷದಲ್ಲಿ ಮಾಡಿಕೊಟ್ಟವನು ಕೇಬಲ್ ಎಳೆಯುವ ಹುಡುಗ. ಗ್ರಾಹಕನ ಹಕ್ಕು ಒಬ್ಬ ಹುಡುಗನ ಒಳ್ಳೆಯತನದ ಮೇಲೆ ನಿಂತಿರಬಾರದು.

ಬ್ರಿಡ್ಜ್ ಮೋಡ್‌ನಿಂದಲೂ ಸರಿಹೋಗದ ಒಂದು ಸಂಗತಿಯಿದೆ. ರೌಟರ್‌ನ ಹೊರವಿಳಾಸ 100.64ರಿಂದ 100.127ರೊಳಗೆ ಶುರುವಾದರೆ, ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರಲ್ಲೇ ಬರಿದಾಯಿತು. 2012ರಲ್ಲಿ ಈ ಶ್ರೇಣಿಯನ್ನು ಇಂಥ ಹಂಚಿಕೆಗೆಂದೇ ಮೀಸಲಿಟ್ಟರು. ಇಲ್ಲಿ ಐಪಿವಿ6 ಅಥವಾ ಹಣ ಕೊಟ್ಟು ಪಡೆಯುವ ಸ್ಥಿರ ವಿಳಾಸವೇ ದಾರಿ. ಅಂಗಡಿಯವನ ಮಾತು ಕೇಳಿ ಇನ್ನೂ ದುಬಾರಿ ರೌಟರ್ ಕೊಂಡರೆ ದುಡ್ಡು ದಂಡ.

‘ಗ್ರಾಹಕರ ರೌಟರ್ ಕೆಟ್ಟರೂ ದೂರು ನಮಗೇ ಬರುತ್ತದೆ’ ಎನ್ನುವುದು ಕಂಪನಿಗಳ ಅಳಲು. ನ್ಯಾಯವೇ. ಹಾಗಿದ್ದರೆ ಗಡಿ ಗುರುತಿಸೋಣ: ಮೋಡೆಮ್‌ವರೆಗೆ ಅವರ ಹೊಣೆ, ಅದರಾಚೆ ನಮ್ಮದು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ತನ್ನ ಉಪಕರಣ ಆರಿಸಿಕೊಳ್ಳುವ ಹಕ್ಕು ಗ್ರಾಹಕನದು. ಲಾಗಿನ್ ವಿವರವನ್ನು ಕಂಪನಿ ಕೇಳದೆಯೇ ಕೊಡಬೇಕು. ನಮ್ಮ ಟ್ರಾಯ್ ಕೂಡ ಇದನ್ನು ಸ್ಪಷ್ಟ ನಿಯಮವಾಗಿಸಲಿ.

ಮಳೆಗಾಲದಲ್ಲಿ ಲೋಕಲ್ ನಿಂತ ದಿನ ಮನೆಯೇ ಕಚೇರಿಯಾಗುವ ನಮಗೆ ಇದು ಶೋಕಿಯಲ್ಲ. ರೌಟರ್ ಸ್ವಂತದ್ದಾದರೆ ಮನೆ ಬದಲಿಸಿದಾಗ ಬದಲಾಗುವುದು ಹೊರಗಿನ ತಂತಿ ಮಾತ್ರ. ವೈಫೈ ಹೆಸರು, ಪಾಸ್‌ವರ್ಡ್, ಮಕ್ಕಳಿಗೆ ಹಾಕಿದ ಕಡಿವಾಣ ಎಲ್ಲ ಹಾಗೇ ಇರುತ್ತವೆ. ಹೊಸ ಸಂಪರ್ಕಕ್ಕೆ ಹಣ ಕಟ್ಟುವ ಮೊದಲೇ ಮೂರು ಪ್ರಶ್ನೆ ಕೇಳಿ: ಬ್ರಿಡ್ಜ್ ಮೋಡ್ ಕೊಡುತ್ತೀರಾ? ಲಾಗಿನ್ ವಿವರ ಕೊಡುತ್ತೀರಾ? ಐಪಿವಿ6 ಇದೆಯೇ? ಹಣ ಕಟ್ಟಿದ ಮೇಲೆ ಉತ್ತರ ಸಿಗುವುದು ಕಷ್ಟ.