‘ಸೆಟ್’ಗೆ ಒಂದೇ ಅರ್ಥ ಸಾಲದು

ನಾನು ಪಾಠ ಹೇಳುವ ಮಕ್ಕಳ ನೋಟ್‌ಬುಕ್ಕಿನಲ್ಲಿ ‘ಸೆಟ್’ ಎಂದರೆ ‘ಜೋಡಿಸು’. ಅಲ್ಲಿಗೆ ಮುಗಿಯಿತು. ಗೈಡ್ ಹೇಳುವುದೂ ಅಷ್ಟೇ, ಅಂಕ ಸಿಗುವುದೂ ಅದಕ್ಕೇ.

ಸೂರ್ಯ ಮುಳುಗಿದರೂ ಸೆಟ್, ಸಿಮೆಂಟ್ ಗಟ್ಟಿಯಾದರೂ ಸೆಟ್, ಮುರಿದ ಮೂಳೆ ಕೂರಿಸಿದರೂ ಸೆಟ್. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 20 ಸಂಪುಟಗಳಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಈ ಪುಟ್ಟ ಪದದ್ದೇ: ಕ್ರಿಯಾಪದಕ್ಕೆ ಸುಮಾರು 430 ಅರ್ಥ, ಉದಾಹರಣೆಗಳೂ ಸೇರಿ ಹತ್ತಿರಹತ್ತಿರ 60,000 ಪದ. (ಈಚೆಗೆ ‘ರನ್’ ಅದನ್ನು ಹಿಂದಿಕ್ಕಿತು.)

ಇಷ್ಟನ್ನು ಯಾರು ಉರು ಹೊಡೆಯುತ್ತಾರೆ? ಬೇಕಿಲ್ಲ. ಈ ಕ್ರಿಯಾಪದ ‘ಸಿಟ್’ಗೆ ನೆಂಟ, ಮೂಲದಲ್ಲಿ ‘ಕೂರಿಸು’. ಅದನ್ನು ಹಿಡಿದರೆ ಮೂಳೆ, ಸಿಮೆಂಟ್, ಅಲಾರಂ ಎಲ್ಲ ತಾವಾಗಿ ಹಿಂದೆ ಬರುತ್ತವೆ. ಗುಂಪು ಎನ್ನುವ ಅರ್ಥದ ಸೆಟ್ ಮಾತ್ರ ಹಳೆಯ ಫ್ರೆಂಚಿನಿಂದ ಬಂದು ಇದರೊಂದಿಗೆ ಬೆರೆತದ್ದು. ನಮ್ಮ ಸೆಟ್ ದೋಸೆ ಆ ಕಡೆಯ ಸಂಬಂಧ!

ಪ್ರಶ್ನೆಪತ್ರಿಕೆ ಮಾಡುವವರು ಬಿಡಿಪದದ ಅರ್ಥ ಕೇಳುವುದನ್ನು ಬಿಡಲಿ. ವಾಕ್ಯ ಕೊಟ್ಟು ಕೇಳಲಿ. ‘ಆ ಟೀಮು ನಂಗೆ ಸೆಟ್ ಆಗಲ್ಲ ಸರ್’ ಎನ್ನುವ ಹಿಂದಿನ ಬೆಂಚಿನ ಹುಡುಗನಿಗೆ ಗೈಡಿನಲ್ಲಿಲ್ಲದ ಅರ್ಥವೂ ಗೊತ್ತಿದೆ. ಅವನಿಗೆ ಅಂಕ ಕೊಡಲು ನಮ್ಮಲ್ಲಿ ಜಾಗವಿಲ್ಲ, ಅಷ್ಟೆ.