ದೊಡ್ಡ ಟೈರು ಹಾಕಿಸ್ಲಾ ಅಕ್ಕ?

ನಮ್ಮ ತರಕಾರಿ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಜೀವಾಮೃತಕ್ಕಿಂತ ಟೈರಿನ ಮಾತೇ ಜಾಸ್ತಿ. ಯಾರೋ ಒಬ್ಬರು ಗಾಡಿಗೆ ದಪ್ಪ ಟೈರು ಹಾಕಿಸಿದ ಫೋಟೊ ಹಾಕ್ತಾರೆ, ಕೆಳಗೆ ಹತ್ತು ಜನ "ಎಷ್ಟಾಯ್ತು ಅಣ್ಣ?" ಅಂತ ಕೇಳ್ತಾರೆ. ಆಮೇಲೆ ಅವರಲ್ಲೇ ಒಂದಿಬ್ಬರು ನನಗೆ ಫೋನ್ ಮಾಡ್ತಾರೆ: "ನಮ್ಮ ಬೊಲೆರೊಗೂ ಹಾಕಿಸ್ಲಾ ಅಕ್ಕ?" ತೋಟಗಾರಿಕೆ ಓದಿದವಳಿಗೆ ಟೈರಿನ ಉಸಾಬರಿ ಯಾಕೆ ಅನ್ನಬಹುದು. ಹೊಸಕೋಟೆ ಕಡೆಯಿಂದ ವಾರಕ್ಕೆ ಮೂರು ಸಲ ಸೊಪ್ಪು, ಬೀನ್ಸ್ ತುಂಬಿಕೊಂಡು ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ, ಇಂದಿರಾನಗರ, ಹಲಸೂರು ಸುತ್ತಿ ಶಿವಾಜಿನಗರದವರೆಗೆ ಹೋಗಿ ಬರೋರಿಗೆ ಗಾಡಿ ಖರ್ಚೂ ಬೇಸಾಯದ ಖರ್ಚೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊಲದಿಂದ ಸಿಟಿಗೆ ತರಕಾರಿ ಸಾಗಿಸೋ ಗಾಡಿಗೆ ಕಂಪನಿ ಕೊಟ್ಟ ಅಳತೆಗಿಂತ ದೊಡ್ಡ ಟೈರು ಬೇಡ. ಆ ದುಡ್ಡಿಗೆ ಅದೇ ಅಳತೆಯ ಒಳ್ಳೆಯ ಟೈರು ತಗೊಳ್ಳಿ. ಯಾಕೆ ಅಂತ ನೀವೇ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿ ನೋಡಬಹುದು.

ಟೈರಿನ ಪಕ್ಕದಲ್ಲಿ 215/75 ಆರ್15 ಅಂತ ಬರೆದಿದೆ ಅಂದುಕೊಳ್ಳಿ, ಬೊಲೆರೊದ್ದು ಇದೇ ಅಳತೆ. 215 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಅಂದ್ರೆ ಆ ಅಗಲದ ಶೇ. 75ರಷ್ಟು ಟೈರಿನ ಗೋಡೆಯ ಎತ್ತರ, ಅಂದ್ರೆ ಸುಮಾರು 161 ಮಿ.ಮೀ. 15 ಅಂದ್ರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಮೇಲೊಂದು ಕೆಳಗೊಂದು ಗೋಡೆ, ನಡುವೆ 381 ಮಿ.ಮೀ. ರಿಮ್ಮು. ಕೂಡಿದ್ರೆ ಚಕ್ರದ ಒಟ್ಟು ಎತ್ತರ 703 ಮಿ.ಮೀ. ಚಿಲ್ಲರೆ. ಈಗ ಅದೇ ರಿಮ್ಮಿಗೆ 235/75 ಹಾಕಿಸಿದ್ರಿ ಅನ್ನಿ. ಎತ್ತರ 733 ಮಿ.ಮೀ. ಚಿಲ್ಲರೆ ಆಗುತ್ತೆ. 30 ಮಿ.ಮೀ. ಜಾಸ್ತಿ, ಶೇ. 4ಕ್ಕಿಂತ ಸ್ವಲ್ಪ ಮೇಲೆ.

"ಕಲ್ಲು ತಾಗಲ್ಲ ಅಕ್ಕ, ಗಾಡಿ ಎತ್ತರ ಆಗುತ್ತೆ" ಅನ್ನೋರು ಇಲ್ಲೊಂದು ನಿಮಿಷ ನಿಲ್ಲಬೇಕು. ಚಕ್ರ 30 ಮಿ.ಮೀ. ಬೆಳೆದ್ರೆ ಗಾಡಿಯ ಹೊಟ್ಟೆ ಏಳೋದು ಅದರ ಅರ್ಧ, ಬರೀ 15 ಮಿ.ಮೀ. ನಿಮ್ಮ ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ. ಹಿಂದೆ ಹತ್ತು ಕ್ರೇಟು ಟೊಮೆಟೊ ಇಟ್ಟರೆ ಸ್ಪ್ರಿಂಗು ಕುಗ್ಗಿ ಅದಕ್ಕಿಂತ ಜಾಸ್ತಿ ಕೆಳಗಿಳಿಯುತ್ತೆ. ಬಂಡಿ ದಾರಿಯ ಮಧ್ಯದ ಕಲ್ಲಿಗೆ ಈ 15 ಮಿ.ಮೀ. ಯಾವ ಲೆಕ್ಕ?

ಅಷ್ಟಕ್ಕೆ ಏನೇನು ಕೊಡಬೇಕಾಗುತ್ತೆ ನೋಡಿ. ಚಕ್ರ ದೊಡ್ಡದಾದಷ್ಟೂ ಅದೇ ಇಂಜಿನ್, ಅದೇ ಗೇರಿನಲ್ಲಿ ನೆಲವನ್ನು ತಳ್ಳೋ ಬಲ ಕಡಿಮೆ. ಹೈವೇಯಲ್ಲಿ ಇದು ಗೊತ್ತಾಗಲ್ಲ. ಆದ್ರೆ ನಾವು ಹೋಗೋದು ಹೈವೇಗಲ್ಲ, ಬೆಳಿಗ್ಗೆ ಏಳೂವರೆಗೆ ಟಿನ್ ಫ್ಯಾಕ್ಟರಿಗೆ. ತೂಗುಸೇತುವೆ ಹತ್ತೋವಾಗ ಲೋಡ್ ಸಮೇತ ಮೊದಲನೇ ಗೇರಿನಲ್ಲಿ ಎಳಿ, ನಿಲ್ಲಿಸು, ಎಳಿ, ನಿಲ್ಲಿಸು. ಅಲ್ಲಿ ಕಡಿಮೆಯಾದ ಬಲವನ್ನು ನೀವು ಅರ್ಧ ಕ್ಲಚ್ಚಿನಲ್ಲಿ ತುಂಬಿಕೊಡ್ತೀರಿ. ಕ್ಲಚ್ ಪ್ಲೇಟಿನ ಬಿಲ್ ಬಂದಾಗ ಯಾರೂ ಟೈರನ್ನು ನೆನಪಿಸಿಕೊಳ್ಳಲ್ಲ. ಬ್ರೇಕಿಗೂ ಇದೇ ಕಥೆ, ದೊಡ್ಡ ಭಾರದ ಚಕ್ರ ನಿಲ್ಲಿಸೋಕೆ ಜಾಸ್ತಿ ಒತ್ತಬೇಕು.

ಮೀಟರೂ ತಪ್ಪು ತೋರಿಸುತ್ತೆ. ಮುಳ್ಳು 60ರಲ್ಲಿ ಇದ್ದರೆ, ಮೊದಲು ಓಡ್ತಿದ್ದಕ್ಕಿಂತ ಶೇ. 4ರಷ್ಟು ಜೋರಾಗಿ ಓಡ್ತಿರುತ್ತೆ. ಓಡಿದ ಕಿಲೋಮೀಟರೂ ಅಷ್ಟೇ ಕಡಿಮೆ ಕಾಣುತ್ತೆ. ಮೀಟರಿನಲ್ಲಿ 10,000 ಅಂದ್ರೆ ಚಕ್ರ ಉರುಳಿದ್ದು ಸುಮಾರು 10,400, ಆಯಿಲ್ ಬದಲಾಯಿಸೋದು ಅಷ್ಟು ತಡ. ಅಗಲದ ವಿಷಯಕ್ಕೆ ಬಂದ್ರೆ, 20 ಮಿ.ಮೀ. ಜಾಸ್ತಿ ಅಗಲ ಅಂದ್ರೆ ಒಳಗೆ ಹತ್ತು, ಹೊರಗೆ ಹತ್ತು. ಖಾಲಿ ಗಾಡಿ ಅಂಗಡಿ ಮುಂದೆ ನಿಂತಾಗ ಚೆನ್ನಾಗೇ ಇರುತ್ತೆ. ಲೋಡ್ ತುಂಬಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜೋ ಸದ್ದು ಶುರು. ಹಲಸೂರಿನ ಹಳೇ ಬೀದಿಗಳಲ್ಲಿ ಪೂರ್ತಿ ತಿರುಗಿಸದೆ ಗಾಡಿ ಆಚೆ ತೆಗೆಯೋಕಾಗುತ್ತಾ?

ಈಗ ನನ್ನ ಓದಿಗೆ ಸಂಬಂಧಪಟ್ಟ ಮಾತು. "ಅಗಲದ ಟೈರು ಹೊಲದಲ್ಲಿ ಹೂತುಕೊಳ್ಳಲ್ಲ, ಮಣ್ಣಿಗೂ ಒಳ್ಳೇದಲ್ವಾ?" ಅಂತ ಸಾವಯವ ಬೆಳೆಗಾರರೇ ಕೇಳ್ತಾರೆ. ಅರ್ಧ ಸತ್ಯ. ಟೈರು ಮೇಲ್ಮಣ್ಣಿನ ಮೇಲೆ ಹಾಕೋ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹೊಲದಲ್ಲಿ 12ರಿಂದ 16 ಪಿಎಸ್ಐ ಗಾಳಿ ಇಡ್ತಾರೆ. ನಮ್ಮ ಕಾರು, ಪಿಕಪ್‌ಗಳಲ್ಲಿ 30 ಅಥವಾ ಅದಕ್ಕೂ ಮೇಲೆ. ಅಂದ್ರೆ ಒಂದೊಂದು ಇಂಚು ಜಾಗಕ್ಕೆ ಲೆಕ್ಕ ಹಾಕಿದ್ರೆ, ನೋಡೋಕೆ ಚಿಕ್ಕದಾದ ಪಿಕಪ್ಪು ಟ್ರ್ಯಾಕ್ಟರಿಗಿಂತ ಗಟ್ಟಿಯಾಗಿ ಮೇಲ್ಮಣ್ಣನ್ನು ತುಳಿಯುತ್ತೆ! ಅಗಲದ ಟೈರು ಹಾಕಿ ಗಾಳಿ ಅಷ್ಟೇ ಇಟ್ಟರೆ ಮಣ್ಣಿಗೆ ಲಾಭ ತೀರಾ ಕಡಿಮೆ. ಗಾಳಿ ಇಳಿಸಿದ್ರೆ ಲಾಭ ಇದೆ, ಆದ್ರೆ ಅದೇ ಕಡಿಮೆ ಗಾಳಿಯಲ್ಲಿ ಲೋಡ್ ಹೊತ್ತು ಡಾಂಬರಿನ ಮೇಲೆ 30 ಕಿಲೋಮೀಟರ್ ಓಡಿದ್ರೆ ಟೈರು ಕಾದು ಹಾಳಾಗುತ್ತೆ, ಸಿಡಿಯಲೂಬಹುದು. ಟ್ರ್ಯಾಕ್ಟರು ಹೊಲದಲ್ಲೇ ಉಳಿಯುತ್ತೆ, ನಮ್ಮ ಗಾಡಿ ಉಳಿಯಲ್ಲ.

ಮಳೆ ಬಿದ್ದು ಹಸಿಯಾದ ಕೆಂಪು ಮಣ್ಣಿನ ಮೇಲೆ ಒಂದು ಸಲ ಲೋಡ್ ಗಾಡಿ ಓಡಿದ ಗುರುತನ್ನು ಮುಂದಿನ ಬೆಳೆಯ ಕ್ಯಾರೆಟ್ ತೋರಿಸಿಕೊಡುತ್ತೆ, ಬೇರು ಕವಲೊಡೆದು ಸೊಟ್ಟಗಾಗಿರುತ್ತೆ. ಎರೆಹುಳು ಬಿಡಿಸಿದ ಮಣ್ಣನ್ನು ನಾವೇ ತುಳಿಯೋದ್ಯಾಕೆ? ಗಾಡಿ ಬದುವಿನ ಆಚೆ ನಿಲ್ಲಲಿ, ಕ್ರೇಟು ತಳ್ಳುಗಾಡಿಯಲ್ಲೋ ತಲೆ ಮೇಲೋ ಬರಲಿ. ನಮ್ಮಲ್ಲಿ ಹಾಗೇ ಮಾಡ್ತೀವಿ. ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಪರವಾಗಿಲ್ಲ.

ಹಿಂದಿನ ಎರಡಕ್ಕೆ ಮಾತ್ರ ದೊಡ್ಡದು ಹಾಕಿಸೋ ಒಂದು ಚಾಳಿಯೂ ಇದೆ. ಇದಂತೂ ಬೇಡವೇ ಬೇಡ. ಎಬಿಎಸ್ ಇರೋ ಗಾಡಿಯಲ್ಲಿ ನಾಲ್ಕೂ ಚಕ್ರದ ವೇಗ ಹೋಲಿಸಿ ಬ್ರೇಕ್ ಕೆಲಸ ಮಾಡೋದು. ಮುಂದೊಂದು ಅಳತೆ ಹಿಂದೊಂದು ಅಳತೆ ಆದ್ರೆ ಆ ಲೆಕ್ಕವೇ ತಪ್ಪುತ್ತೆ. ಸ್ಟೆಪ್ನಿ ಹಳೇ ಅಳತೆಯದೇ ಉಳಿದಿರುತ್ತೆ ಅನ್ನೋದನ್ನೂ ಮರೀಬೇಡಿ.

ಕಾನೂನಿನ ವಿಷಯ ಚುಟುಕಾಗಿ. ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಳದಿ ಬೋರ್ಡಿನ ಸರಕು ಗಾಡಿಯಾದ್ರೆ ಟೈರಿನ ಸಂಖ್ಯೆ, ಅಳತೆ ನೋಂದಣಿ ದಾಖಲೆಯಲ್ಲೇ ಇರುತ್ತೆ, ಎಫ್‌ಸಿಗೆ ಹೋದಾಗ ತಕರಾರು ಬರೋದು ಅಲ್ಲೇ. ಇಂದಿರಾನಗರದ ಕೆಎ-03 ಆಗಲಿ, ಕೆ.ಆರ್. ಪುರದ ಕೆಎ-53 ಆಗಲಿ, ಕೇಳಬೇಕಾದ್ದನ್ನು ಟೈರ್ ಅಂಗಡಿಯವರನ್ನಲ್ಲ, ಆರ್‌ಟಿಒ ಕಚೇರಿಯಲ್ಲಿ ಕೇಳಿ. ಅಪಘಾತ ಆದಾಗ ವಿಮೆಯವರಿಗೂ ಇದೊಂದು ನೆಪ ಸಿಕ್ಕಂಗೆ.

ಹಾಗಾದ್ರೆ ಅಳತೆ ಬದಲಾಯಿಸೋದು ಯಾವತ್ತೂ ತಪ್ಪಾ? ಇಲ್ಲ. 2018ರ ಸ್ವಿಫ್ಟ್ ನೋಡಿ. ಕೆಳಗಿನ ವೇರಿಯಂಟಿಗೆ ಕಂಪನಿ ಕೊಟ್ಟಿದ್ದು 165/80 ಆರ್14, ಮೇಲಿನದಕ್ಕೆ 185/65 ಆರ್15. ಲೆಕ್ಕ ಹಾಕಿದ್ರೆ ಮೊದಲನೆಯದರ ಎತ್ತರ ಸುಮಾರು 620 ಮಿ.ಮೀ., ಎರಡನೆಯದರದು 621 ಚಿಲ್ಲರೆ. ರಿಮ್ಮು ದೊಡ್ಡದಾಯ್ತು, ಅಗಲ ಜಾಸ್ತಿ ಆಯ್ತು, ಚಕ್ರದ ಎತ್ತರ ಮಾತ್ರ ಕದಲಲಿಲ್ಲ. ಕಂಪನಿಯ ಇಂಜಿನಿಯರುಗಳೇ ಎತ್ತರ ಮುಟ್ಟೋಕೆ ಹೋಗಿಲ್ಲ ಅನ್ನೋದನ್ನ ಗಮನಿಸಿ. ನಿಮ್ಮದೇ ಮಾಡೆಲ್ಲಿನ ಮೇಲಿನ ವೇರಿಯಂಟಿನ ಅಳತೆಗೆ ರಿಮ್ ಸಮೇತ ಹೋಗೋದಾದ್ರೆ ನಾನು ಬೇಡ ಅನ್ನಲ್ಲ. ಅದನ್ನೂ ದಾಟಿ, ಇಂದಿರಾನಗರ 100 ಅಡಿ ರಸ್ತೆಯಲ್ಲಿ ಕಾಣೋ ಕಾರುಗಳ ಹಾಗೆ ದೊಡ್ಡ ಅಲಾಯ್, ತೆಳು ಟೈರು ಹಾಕಿಸಿದ್ರೆ ನಮ್ಮೂರಿನ ಮೊದಲನೇ ಗುಂಡಿಗೇ ಗೋಡೆ ಉಬ್ಬಿಕೊಂಡೀತು.

ಟೈರು ಕೊಳ್ಳುವಾಗ ನಾನು ನೋಡೋದು ಬೇರೆಯೇ ನಂಬರು. ಅಳತೆಯ ಪಕ್ಕದಲ್ಲಿ 100ಎಸ್, 88ಎಚ್ ಅಂತ ಇರುತ್ತೆ. ಆ ಅಂಕಿ ಒಂದು ಟೈರು ಎಷ್ಟು ಭಾರ ಹೊರುತ್ತೆ ಅನ್ನೋದರ ಸಂಕೇತ. 85 ಅಂದ್ರೆ 515 ಕೆಜಿ, 88 ಅಂದ್ರೆ 560, 100 ಅಂದ್ರೆ 800, 105 ಅಂದ್ರೆ 925. ನೋಡೋಕೆ ದಪ್ಪಗಿದ್ದು ಈ ಅಂಕಿ ಕಡಿಮೆ ಇರೋ ಟೈರುಗಳೂ ಇವೆ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯದನ್ನು ಯಾರು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಇನ್ನೊಂದು, ತಯಾರಾದ ದಿನ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ, 2324 ಅಂದ್ರೆ 2024ರ 23ನೇ ವಾರ. ಶಿವಾಜಿನಗರದ ಗುಜರಿಯಲ್ಲಿ ರಿಮ್ಮು, ಕನ್ನಡಿ, ಬಾಗಿಲು ಎಲ್ಲ ಅಗ್ಗಕ್ಕೆ ಸಿಗುತ್ತೆ, ನಾನೂ ತಂದಿದ್ದೀನಿ. ಟೈರು ಮಾತ್ರ ಅಲ್ಲಿ ತರಲ್ಲ. ಎಷ್ಟು ಬಿಸಿಲು, ಎಷ್ಟು ಲೋಡು ಕಂಡಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ.

ಗಾಳಿಯ ಲೆಕ್ಕ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರುತ್ತೆ, ಖಾಲಿ ಗಾಡಿಗೆ ಒಂದು, ಲೋಡಿಗೆ ಒಂದು. ಬೆಳಿಗ್ಗೆ ಟೈರು ತಣ್ಣಗಿದ್ದಾಗ ನೋಡಿ. ಪಟ್ಟಿಯ ಆಳ 1.6 ಮಿ.ಮೀ.ಗೆ ಇಳಿದ್ರೆ ನಾಲ್ಕು ಚಕ್ರದ ಗಾಡಿಗೆ ಆ ಟೈರು ಕಾನೂನು ಪ್ರಕಾರವೂ ಮುಗೀತು. ನಾನಂತೂ ಮುಂಗಾರು ಬರೋ ಮೊದಲೇ, 3 ಮಿ.ಮೀ. ಹತ್ತಿರ ಬಂದಾಗಲೇ ಬದಲಾಯಿಸ್ತೀನಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ತಿರೋರು ಸ್ಟಿಕ್ಕರಿನ ಅಳತೆಯನ್ನೂ ಟೈರಿನ ಅಳತೆಯನ್ನೂ ಹೋಲಿಸಿ. ಬೇರೆ ಬೇರೆ ಇದ್ದರೆ ಮೀಟರಿನ ಕಿಲೋಮೀಟರು ನಂಬಬೇಡಿ, ಹೊಸ ನಾಲ್ಕು ಟೈರಿನ ದುಡ್ಡನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.